ತೂಕ ಸರಿಯಿತ್ತು, ಹೆಸರು ತಪ್ಪಿತ್ತು: ಎನ್‌ಜಿಸಿ 7793ರ ಪಿ13 ಪ್ರಕರಣ

2014ರ ಅಕ್ಟೋಬರ್ 9ರ ‘ನೇಚರ್’ ಸಂಚಿಕೆಯಲ್ಲಿ ಎರಡು ಪ್ರಬಂಧಗಳು ಬೆನ್ನಿಗೆ ಬೆನ್ನು ಹಚ್ಚಿಕೊಂಡು ಅಚ್ಚಾದವು. ಒಂದು 198ನೇ ಪುಟದಿಂದ, ಇನ್ನೊಂದು 202ನೇ ಪುಟದಿಂದ. ಮೊದಲನೆಯದು ಕ್ರಿಶ್ಚಿಯನ್ ಮೋಚ್ ಮತ್ತು ಸಂಗಡಿಗರದು. ಎನ್‌ಜಿಸಿ 7793 ಎಂಬ ಗ್ಯಾಲಕ್ಸಿಯಲ್ಲಿರುವ ಪಿ13 ಎಂಬ ಕ್ಷ-ಕಿರಣ ಆಕರದೊಳಗಿನ ಕಪ್ಪುರಂಧ್ರ 15 ಸೂರ್ಯರಿಗಿಂತ ಹಗುರ ಎಂದು ಅದರ ಶೀರ್ಷಿಕೆಯೇ ಸಾರುತ್ತಿತ್ತು. ಎರಡನೆಯದು ಮತ್ತೆಯೊ ಬಾಕೆಟ್ಟಿ ಮತ್ತು ಸಂಗಡಿಗರದು. ಎಂ82 ಗ್ಯಾಲಕ್ಸಿಯ ಎಕ್ಸ್-2 ಎಂಬ ಅಂಥದೇ ಆಕರ 1.37 ಸೆಕೆಂಡಿಗೊಮ್ಮೆ ಮಿಡಿಯುತ್ತಿದೆ, ಆದ್ದರಿಂದ ಅದು ಕಪ್ಪುರಂಧ್ರವೇ ಅಲ್ಲ, ನ್ಯೂಟ್ರಾನ್ ನಕ್ಷತ್ರ (ಸತ್ತ ದೊಡ್ಡ ನಕ್ಷತ್ರದ ಕುಗ್ಗಿ ಗಟ್ಟಿಯಾದ ತಿರುಳು) ಎಂದು ಅವರು ಬರೆದಿದ್ದರು.

ಎರಡು ವರ್ಷ ಕಳೆಯುವಷ್ಟರಲ್ಲಿ ಪಿ13 ಕೂಡ ಮಿಡಿಯುವುದು ಕಂಡುಬಂತು. ಅದೂ ನ್ಯೂಟ್ರಾನ್ ನಕ್ಷತ್ರವೇ. ಮೋಚ್ ಅವರ ಪ್ರಬಂಧದ ಶೀರ್ಷಿಕೆಯಲ್ಲಿದ್ದ ‘15ಕ್ಕಿಂತ ಕಡಿಮೆ’ ಎಂಬ ಮಾತು ಹಾಗೇ ನಿಂತಿತು, ‘ಕಪ್ಪುರಂಧ್ರ’ ಎಂಬ ಮಾತು ಬಿತ್ತು. ಆ ಶೀರ್ಷಿಕೆಯಲ್ಲಿ ಅಳೆದು ಹೇಳಿದ್ದು ಯಾವುದು, ರೂಢಿಯಿಂದ ಬಂದು ಸೇರಿಕೊಂಡದ್ದು ಯಾವುದು ಎಂದು ಬಿಡಿಸಿ ನೋಡುವುದಕ್ಕಾಗಿಯೇ ಈ ಪ್ರಕರಣವನ್ನು ಪೂರ್ತಿಯಾಗಿ ಬರೆಯಬೇಕೆನಿಸಿತು. ದೂರದ ಗ್ಯಾಲಕ್ಸಿಯ ಒಂದು ಕ್ಷ-ಕಿರಣ ಚುಕ್ಕೆಗೆ ‘ಇದೇ ನಿನ್ನ ನಕ್ಷತ್ರ’ ಎಂದು ಜೋಡಿ ಗುರುತಿಸುವ ಕೆಲಸ ಎಷ್ಟು ನಾಜೂಕಿನದು, ಅದರಿಂದ ಏನು ದಕ್ಕುತ್ತದೆ, ಏನು ದಕ್ಕುವುದಿಲ್ಲ ಎಂಬುದು ಇಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಡೆ ನನಗೆ ಕಂಡಿಲ್ಲ.

ತಕರಾರು ಏನಿತ್ತು

ಕಪ್ಪುರಂಧ್ರವಾಗಲಿ ನ್ಯೂಟ್ರಾನ್ ನಕ್ಷತ್ರವಾಗಲಿ, ಪಕ್ಕದ ನಕ್ಷತ್ರದಿಂದ ಅನಿಲ ಎಳೆದುಕೊಂಡಾಗ ಆ ಅನಿಲ ಸುತ್ತುತ್ತಾ ತಟ್ಟೆಯಂತೆ ಹರಡಿ, ಒಳಕ್ಕೆ ಜಾರುತ್ತಾ ಲಕ್ಷಾಂತರ ಡಿಗ್ರಿಗೆ ಕಾಯುತ್ತದೆ. ಅಲ್ಲಿಂದ ಹೊಮ್ಮುವುದೇ ಕ್ಷ-ಕಿರಣ. ಆದರೆ ಬೆಳಕಿಗೂ ಒತ್ತಡವಿದೆ. ಕಣದಲ್ಲಿ ರಾಶಿ ತೂರುವಾಗ ಗಾಳಿ ಹದವಾಗಿದ್ದರೆ ಹೊಟ್ಟು ಹಾರಿ ಕಾಳು ಕೆಳಗೆ ಬೀಳುತ್ತದೆ, ಗಾಳಿ ಬಿರುಸಾದರೆ ಕಾಳೂ ಹಾರಿಹೋಗುತ್ತದೆ. ಹಾಗೆಯೇ ಬೆಳಕು ಒಂದು ಮಟ್ಟ ಮೀರಿದರೆ ಒಳಗೆ ಬೀಳಬೇಕಾದ ಅನಿಲವನ್ನೇ ಹೊರಕ್ಕೆ ನೂಕುತ್ತದೆ. ಆ ಮಟ್ಟಕ್ಕೆ ಎಡಿಂಗ್ಟನ್ ಮಿತಿ ಎನ್ನುತ್ತಾರೆ. ಅದು ತೂಕಕ್ಕೆ ತಕ್ಕಂತೆ ಏರುತ್ತದೆ: ಒಂದು ಸೂರ್ಯನ ತೂಕಕ್ಕೆ ಸುಮಾರು 33,000 ಸೂರ್ಯರ ಬೆಳಕು. 1.4 ಸೂರ್ಯರಷ್ಟು ತೂಗುವ ನ್ಯೂಟ್ರಾನ್ ನಕ್ಷತ್ರಕ್ಕೆ ಇದು 46,000ದ ಆಸುಪಾಸು.

ಪಿ13 ತನ್ನ ಏರುಹೊತ್ತಿನಲ್ಲಿ ಎಲ್ಲ ದಿಕ್ಕಿಗೂ ಸಮನಾಗಿ ಬೆಳಗುತ್ತಿದೆ ಎಂದುಕೊಂಡರೆ ಅದರ ಕ್ಷ-ಕಿರಣ 26 ಲಕ್ಷ ಸೂರ್ಯರಷ್ಟಾಗುತ್ತದೆ. ಮಿತಿಯೊಳಗೇ ಇದೆ ಎನ್ನಬೇಕಾದರೆ ಅದು 80 ಸೂರ್ಯರಷ್ಟು ತೂಗಬೇಕು. ಇಂಥ ಆಕರಗಳಲ್ಲಿ ಕೆಲವು ಇದಕ್ಕಿಂತಲೂ ಪ್ರಖರ. ಹೀಗಾಗಿ ಖಗೋಳಜ್ಞರಲ್ಲಿ ಎರಡು ಪಕ್ಷವಾಯಿತು. ಇವು ನೂರಾರು ಸಾವಿರಾರು ಸೂರ್ಯರ ತೂಕದ, ಅದುವರೆಗೆ ಸಿಕ್ಕದ ನಡುಗಾತ್ರದ ಕಪ್ಪುರಂಧ್ರಗಳು ಎಂದಿತು ಒಂದು ಪಕ್ಷ. ಅಲ್ಲ, ಇವು ಮಾಮೂಲಿ ತೂಕದವೇ, ಹೇಗೋ ಮಿತಿ ಮೀರಿ ನುಂಗುತ್ತಿವೆ ಎಂದಿತು ಇನ್ನೊಂದು. ಕ್ಷ-ಕಿರಣದ ರೋಹಿತವನ್ನು (ಬೆಳಕನ್ನು ಅಲೆಯುದ್ದಕ್ಕೆ ತಕ್ಕಂತೆ ಬಿಡಿಸಿದ ಪಟ್ಟಿಯನ್ನು) ಎರಡೂ ಕಡೆಯವರು ತಮತಮಗೆ ಬೇಕಾದಂತೆ ಓದಬಹುದಿತ್ತು. ತೂಗಿ ನೋಡದೆ ಈ ವ್ಯಾಜ್ಯ ತೀರುವಂತಿರಲಿಲ್ಲ. ತೂಗಬೇಕೆಂದರೆ ಪಕ್ಕದಲ್ಲಿ ಸುತ್ತುವ ನಕ್ಷತ್ರ ಕಣ್ಣಿಗೆ ಬೀಳಬೇಕು.

ಒಂದು ಚುಕ್ಕೆಯ ಮೇಲೆ ಬೆರಳಿಡುವುದು

ಎನ್‌ಜಿಸಿ 7793 ಇರುವುದು ದಕ್ಷಿಣ ಆಕಾಶದ ಸ್ಕಲ್ಪ್ಟರ್ ಪುಂಜದಲ್ಲಿ, ಸುಮಾರು 1.2 ಕೋಟಿ ಜ್ಯೋತಿರ್ವರ್ಷ ಆಚೆ. 1826ರಲ್ಲಿ ಜೇಮ್ಸ್ ಡನ್‌ಲಪ್ ಅದನ್ನು ಮೊದಲು ಗುರುತಿಸಿದ. ನಮ್ಮ ಬೆಂಗಳೂರಿನಿಂದ ನೋಡಿದರೆ ಅದು ದಕ್ಷಿಣಕ್ಕೆ 44 ಡಿಗ್ರಿಯಷ್ಟು ಮೇಲೇರುತ್ತದೆ. ಚಿಲಿಯ ಪರಾನಾಲ್ ಬೆಟ್ಟದ ಮೇಲಿನ ಐರೋಪ್ಯ ದೂರದರ್ಶಕಗಳಿಗಾದರೆ ಬಹುಮಟ್ಟಿಗೆ ನೆತ್ತಿಯ ಮೇಲೇ ಹಾದುಹೋಗುತ್ತದೆ. ಪಿ13 ಎಂಬ ಹೆಸರು ಬಂದದ್ದು 1990ರ ದಶಕದಲ್ಲಿ ರೋಸ್ಯಾಟ್ ಉಪಗ್ರಹ ಆ ಗ್ಯಾಲಕ್ಸಿಯ ಕ್ಷ-ಕಿರಣ ಚುಕ್ಕೆಗಳನ್ನು ಪಟ್ಟಿ ಮಾಡಿದಾಗ. ಪಟ್ಟಿಯಲ್ಲಿ ಹದಿಮೂರನೆಯದು, ಅಷ್ಟೇ.

ರೋಸ್ಯಾಟ್ ಕೊಟ್ಟ ಜಾಗ ಒರಟು. 2003ರಲ್ಲಿ ಚಂದ್ರ ವೀಕ್ಷಣಾಲಯ ಅದೇ ಗ್ಯಾಲಕ್ಸಿಯನ್ನು ನೋಡಿತು. ಸುಬ್ರಹ್ಮಣ್ಯನ್ ಚಂದ್ರಶೇಖರ್ ಹೆಸರು ಹೊತ್ತ ಈ ಉಪಗ್ರಹ ಒಂದು ಕ್ಷ-ಕಿರಣ ಚುಕ್ಕೆಯ ಜಾಗವನ್ನು ಅರ್ಧ ಆರ್ಕ್‌ಸೆಕೆಂಡಿನ (ಆರ್ಕ್‌ಸೆಕೆಂಡ್ ಎಂದರೆ ಒಂದು ಡಿಗ್ರಿಯ 3,600ನೇ ಒಂದು ಪಾಲು) ಸುತ್ತಮುತ್ತ ಹೇಳಬಲ್ಲದು. ಅರ್ಧ ಆರ್ಕ್‌ಸೆಕೆಂಡ್ ಎಂದರೆ ಕೇಳಲು ಬಹಳ ಸೂಕ್ಷ್ಮ. ಆದರೆ 1.2 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಅದೇ ಕೋನ ಸುಮಾರು 30 ಜ್ಯೋತಿರ್ವರ್ಷದ ಹರವು. ಸೂರ್ಯನ ಸುತ್ತ 30 ಜ್ಯೋತಿರ್ವರ್ಷದೊಳಗೆ ನೂರಾರು ನಕ್ಷತ್ರಗಳಿವೆ! ಆ ದೂರದಿಂದ ಕಾಣುವುದು ಅವುಗಳಲ್ಲಿ ಅತಿ ಪ್ರಖರವಾದವು ಮಾತ್ರ ಎಂಬುದೇ ಈ ಕೆಲಸವನ್ನು ಸಾಧ್ಯವಾಗಿಸುವುದು. ಅಲ್ಲೂ ಒಂದು ತೊಡಕಿದೆ. ಇಂಥ ಆಕರಗಳು ಹೆಚ್ಚಾಗಿ ಇರುವುದೇ ಹೊಸ ನಕ್ಷತ್ರಗಳು ಗುಂಪುಗುಂಪಾಗಿ ಹುಟ್ಟುವ ಓಣಿಗಳಲ್ಲಿ. ಅಲ್ಲಿ ಪ್ರಖರ ನೀಲಿ ನಕ್ಷತ್ರಗಳಿಗೆ ಬರವಿಲ್ಲ.

ಅದಕ್ಕಾಗಿ ಮೊದಲು ಎರಡು ನಕ್ಷೆಗಳನ್ನು ಒಂದರ ಮೇಲೊಂದು ಕೂರಿಸಬೇಕು. ಕ್ಷ-ಕಿರಣದಲ್ಲೂ ಬೆಳಕಿನಲ್ಲೂ ಎರಡರಲ್ಲೂ ಕಾಣುವ ಕೆಲವು ವಸ್ತುಗಳನ್ನು, ಉದಾಹರಣೆಗೆ ಹಿನ್ನೆಲೆಯ ಕ್ವೇಸಾರ್ (ಬಹುದೂರದ ಗ್ಯಾಲಕ್ಸಿಯ ಪ್ರಖರ ನಡುಭಾಗ) ಅಥವಾ ನಮ್ಮದೇ ಗ್ಯಾಲಕ್ಸಿಯ ನಕ್ಷತ್ರ, ಗೂಟಗಳಂತೆ ಹಿಡಿದು ನಕ್ಷೆಗಳನ್ನು ಸರಿಸಿ ಹೊಂದಿಸುತ್ತಾರೆ. ಈ ಹೊಂದಾಣಿಕೆ ಅರೆ ಕೂದಲಷ್ಟು ತಪ್ಪಿದರೂ ಬೆರಳು ಪಕ್ಕದ ಮನೆಯ ನಕ್ಷತ್ರದ ಮೇಲೆ ಬೀಳುತ್ತದೆ. ಪಿ13ರ ಅದೃಷ್ಟಕ್ಕೆ ಅದರ ಜಾಗವನ್ನು ಸೂಚಿಸುವ ವೃತ್ತದಲ್ಲಿ 20.5 ಕಾಂತಿಮಾನದ (ಈ ಅಂಕಿ ಹೆಚ್ಚಿದಷ್ಟೂ ಮಂಕು) ಒಂದು ನಕ್ಷತ್ರ ಎದ್ದು ಕಾಣುತ್ತಿತ್ತು. ಬರಿಗಣ್ಣಿಗೆ ಎಟಕುವ ಅತಿ ಮಂದ ನಕ್ಷತ್ರಕ್ಕಿಂತ ಅದು ಆರು ಲಕ್ಷ ಪಟ್ಟು ಮಂಕು, ಆದರೂ ಈ ವರ್ಗದಲ್ಲಿ ಅದು ಬಲು ಪ್ರಖರ.

ನಕ್ಷತ್ರವೋ, ನಕ್ಷತ್ರದ ವೇಷವೋ

ಜಾಗ ಹೊಂದಿತು ಎಂದಮಾತ್ರಕ್ಕೆ ಜೋಡಿ ಗೊತ್ತಾಯಿತು ಎನ್ನಲಾಗದು. ಹಾಗೆ ಎಂದುಕೊಂಡು ಈ ಕ್ಷೇತ್ರದಲ್ಲಿ ಮೋಸಹೋದವರು ಕಡಿಮೆಯೇನಲ್ಲ. ಕಾರಣ ಇಷ್ಟು: ಕ್ಷ-ಕಿರಣ ಬಡಿದು ಕಾದ ಅನಿಲದ ತಟ್ಟೆಯ ಹೊರ ಅಂಚು ತಾನೂ ನೀಲಿಯಾಗಿ ಬೆಳಗುತ್ತದೆ. ಅದರ ಬಣ್ಣ, ಪ್ರಖರತೆ ಎರಡನ್ನೂ ಅಳೆದು ಪಟ್ಟಿಯ ಜೊತೆ ತಾಳೆ ನೋಡಿದರೆ ‘ಒ’ ಅಥವಾ ‘ಬಿ’ ವರ್ಗದ, ಅಂದರೆ ಬಹಳ ಬಿಸಿಯಾದ ನೀಲಿ, ದೈತ್ಯ ನಕ್ಷತ್ರ ಎಂದೇ ಉತ್ತರ ಬರುತ್ತದೆ. ಹೋಮ್‌ಬರ್ಗ್ 9 ಎಕ್ಸ್-1, ಎನ್‌ಜಿಸಿ 5408 ಎಕ್ಸ್-1 ಮುಂತಾದವುಗಳ ವಿಷಯದಲ್ಲಿ ಕಾಣುವ ಬೆಳಕಿನಲ್ಲಿ ಹೆಚ್ಚು ಪಾಲು ತಟ್ಟೆಯದೇ ಎಂಬ ವಾದ ಬಲವಾಗಿದೆ. ನಕ್ಷತ್ರದ ವೇಷ ಹಾಕಿಕೊಂಡ ತಟ್ಟೆಯ ಬಣ್ಣ ನೋಡಿ ನಕ್ಷತ್ರದ ತೂಕ ಕಟ್ಟಿದರೆ ಮುಂದಿನ ಲೆಕ್ಕವೆಲ್ಲ ನೀರಿನ ಮೇಲೆ ಬರೆದಂತೆ.

ವೇಷ ಕಳಚಬೇಕಾದರೆ ರೋಹಿತ ಬೇಕು. ಬಣ್ಣ ಸಾಲದು.

ಪರಾನಾಲ್‌ನ 8 ಮೀಟರ್ ದೂರದರ್ಶಕದಲ್ಲಿ ತೆಗೆದ ಪಿ13ರ ರೋಹಿತದಲ್ಲಿ ಎರಡು ಬಗೆಯ ಗುರುತುಗಳು ಒಟ್ಟಿಗೆ ಕಂಡವು. ಒಂದು, ಹೈಡ್ರೋಜನ್‌ನ ಬಾಮರ್ ಸಾಲಿನ ಕಪ್ಪು ಗೆರೆಗಳು. ಇವು ನಕ್ಷತ್ರದ ತಣ್ಣನೆಯ ಹೊರಪದರದಲ್ಲಿ ಬೆಳಕು ಹೀರಿಕೊಂಡಾಗ ಮೂಡುವಂಥವು. ಗೆರೆಗಳ ಆಕಾರ, ಸಪೂರತನ ನೋಡಿದರೆ ಅದು ಬಿ9 ವರ್ಗದ ಮಹಾದೈತ್ಯ ನಕ್ಷತ್ರ, ಮೇಲ್ಮೈ ಶಾಖ ಸುಮಾರು 11,000 ಡಿಗ್ರಿ. ಎರಡು, ಎಲೆಕ್ಟ್ರಾನ್ ಕಳೆದುಕೊಂಡ ಹೀಲಿಯಂನ 4686 ಆಂಗ್‌ಸ್ಟ್ರಾಮ್ ಗೆರೆ, ಅದೂ ಬೆಳಗುವ ಗೆರೆ. ಜೊತೆಗೆ ನೈಟ್ರೋಜನ್, ಕಾರ್ಬನ್‌ಗಳ ಬೊವೆನ್ ಗೆರೆಗಳ ಗೊಂಚಲು.

ಈ ಎರಡನೆಯ ಗುರುತಿನ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಇಡೀ ಗುರುತಿಸುವಿಕೆ ಇದರ ಮೇಲೆ ನಿಂತಿದೆ. ಹೀಲಿಯಂನಿಂದ ಎರಡನೆಯ ಎಲೆಕ್ಟ್ರಾನ್ ಕೀಳಬೇಕಾದರೆ 54 ಎಲೆಕ್ಟ್ರಾನ್‌ವೋಲ್ಟ್‌ಗೂ ಮಿಕ್ಕ ಶಕ್ತಿಯ ಬೆಳಕು ಬೇಕು. 11,000 ಡಿಗ್ರಿಯ ನಕ್ಷತ್ರ ಅಂಥ ಬೆಳಕನ್ನು ಲೆಕ್ಕಕ್ಕೆ ಬರುವಷ್ಟು ಕೊಡಲಾರದು. ಅಂದರೆ ಒಂದೇ ಚುಕ್ಕೆಯಿಂದ ಬರುವ ಬೆಳಕಿನಲ್ಲಿ ‘ನಾನು ತಂಪು’ ಎನ್ನುವ ಗೆರೆಯೂ ಇದೆ, ‘ನನ್ನ ಪಕ್ಕದಲ್ಲಿ ಕ್ಷ-ಕಿರಣದ ಕುಲುಮೆ ಇದೆ’ ಎನ್ನುವ ಗೆರೆಯೂ ಇದೆ. ಜಾಗದ ಹೊಂದಾಣಿಕೆ ಕೊಡಲಾರದ ಖಾತರಿಯನ್ನು ಇವೆರಡು ಗೆರೆಗಳು ಸೇರಿ ಕೊಟ್ಟವು. ಬರೀ ಹೀಲಿಯಂ ಗೆರೆ ಇದ್ದಿದ್ದರೆ ತಟ್ಟೆ ಸಿಕ್ಕಿತು, ನಕ್ಷತ್ರ ಸಿಗಲಿಲ್ಲ ಎನ್ನಬೇಕಿತ್ತು. ಬರೀ ಬಾಮರ್ ಗೆರೆಗಳಿದ್ದಿದ್ದರೆ ನಕ್ಷತ್ರ ಸಿಕ್ಕಿತು, ಅದು ಇದರ ಜೋಡಿಯೋ ದಾರಿಹೋಕನೋ ತಿಳಿಯಲಿಲ್ಲ ಎನ್ನಬೇಕಿತ್ತು. ಮೋಚ್ ತಂಡ 2011ರಲ್ಲೇ ಈ ಗುರುತಿಸುವಿಕೆಯನ್ನು ಪ್ರಕಟಿಸಿತು.

64 ದಿನ

ಆಮೇಲಿನ ಕೆಲಸ ತಾಳ್ಮೆಯದು. ಆ ನಕ್ಷತ್ರದ ಬೆಳಕನ್ನು ಮತ್ತೆ ಮತ್ತೆ ಅಳೆದರು. ಅದು ಏರಿ ಇಳಿಯುತ್ತಿತ್ತು, ಸುಮಾರು 64 ದಿನಕ್ಕೊಂದು ಸುತ್ತು. ಕಣ್ಣಿಗೆ ಕಾಣುವ ಬೆಳಕಿನಲ್ಲೂ ಅತಿನೇರಳೆಯಲ್ಲೂ ಅದೇ ಲಯ. ಕ್ಷ-ಕಿರಣದ ಆಕರಕ್ಕೆ ಮುಖಮಾಡಿದ ನಕ್ಷತ್ರದ ಮಗ್ಗುಲು ಕಾದು ಬೆಳಗುತ್ತದೆ, ಬೆನ್ನಿನ ಮಗ್ಗುಲು ಹಾಗೇ ಇರುತ್ತದೆ. ಸುತ್ತುತ್ತಾ ಕಾದ ಮಗ್ಗುಲು ನಮ್ಮತ್ತ ತಿರುಗಿದಾಗ ಪ್ರಖರ, ಆಚೆ ಹೋದಾಗ ಮಂಕು. ಇದರ ಜೊತೆಗೆ ಜೊತೆಗಾರನ, ಅಂದರೆ ಕ್ಷ-ಕಿರಣದ ಆಕರದ, ಎಳೆತಕ್ಕೆ ನಕ್ಷತ್ರ ತೆಂಗಿನಕಾಯಿ ಜುಟ್ಟಿನ ಕಡೆ ಚೂಪಾದಂತೆ ಒಂದು ಕಡೆಗೆ ಉಬ್ಬಿರುತ್ತದೆ, ಅದರಿಂದಲೂ ಬೆಳಕು ಸ್ವಲ್ಪ ಏರುಪೇರಾಗುತ್ತದೆ.

ಇದರಿಂದ ತೂಕ ಹೇಗೆ ಸಿಗುತ್ತದೆ? ಒರಟು ಲೆಕ್ಕವನ್ನು ಯಾರು ಬೇಕಾದರೂ ಕಾಗದದ ಮೇಲೆ ಹಾಕಿ ನೋಡಬಹುದು, ಕೆಪ್ಲರ್‌ನ ಮೂರನೆಯ ನಿಯಮ ಸಾಕು. ನಕ್ಷತ್ರದ ತೂಕ 20 ಸೂರ್ಯರಷ್ಟಿರಲಿ (ಮೋಚ್ ತಂಡ 18ರಿಂದ 23 ಎಂದಿತ್ತು). ಜೊತೆಗಾರ 1.4 ಸೂರ್ಯರಷ್ಟಿದ್ದರೆ 64 ದಿನದ ಸುತ್ತಿಗೆ ಇಬ್ಬರ ನಡುವಿನ ಅಂತರ 13 ಕೋಟಿ ಕಿಲೋಮೀಟರ್. ಭೂಮಿಗೂ ಸೂರ್ಯನಿಗೂ ಇರುವುದಕ್ಕಿಂತ ಕಡಿಮೆ. ಜೊತೆಗಾರ 15 ಸೂರ್ಯರಷ್ಟಿದ್ದರೆ ಅಂತರ 15 ಕೋಟಿ. 100 ಸೂರ್ಯರಷ್ಟಿದ್ದರೆ 23 ಕೋಟಿ. 1000 ಸೂರ್ಯರಷ್ಟಿದ್ದರೆ 47 ಕೋಟಿ ಕಿಲೋಮೀಟರ್. ಒಲೆ ದೂರವಾದಷ್ಟೂ ಬಿಸಿ ಕಡಿಮೆ, ಅದೂ ದೂರದ ವರ್ಗಕ್ಕೆ ತಕ್ಕಂತೆ. 1000 ಸೂರ್ಯರ ತೂಕದ ಕಪ್ಪುರಂಧ್ರವಾಗಿದ್ದರೆ ನಕ್ಷತ್ರಕ್ಕೆ ತಾಗುವ ಬಿಸಿ ಮೊದಲನೆಯ ಲೆಕ್ಕದ ಹದಿಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಆಗ ಬೆಳಕಿನ ಏರಿಳಿತ ಅಷ್ಟು ಜೋರಾಗಿ ಕಾಣಲು ಆಗುವುದಿಲ್ಲ.

ಇನ್ನೊಂದು ಕಡೆಯಿಂದಲೂ ನೋಡಿ. ನಕ್ಷತ್ರ ತಾನಾಗಿ ಬೆಳಗುವುದು ಹೆಚ್ಚುಕಡಿಮೆ ಒಂದು ಲಕ್ಷ ಸೂರ್ಯರಷ್ಟು. ಪಕ್ಕದ ಆಕರ 26 ಲಕ್ಷ. ಅದರಲ್ಲಿ ಇಪ್ಪತ್ತನೇ ಒಂದು ಪಾಲು ನಕ್ಷತ್ರದ ಮೈಮೇಲೆ ಬಿದ್ದರೂ ಅದು ನಕ್ಷತ್ರದ ಸ್ವಂತ ಬೆಳಕಿಗೆ ಸಮ. ಈ ಲೆಕ್ಕ ಹಾಕಿದಾಗಲೆಲ್ಲ ನನಗೆ ಆ ನಕ್ಷತ್ರದ ಒಂದು ಮಗ್ಗುಲ ಆಕಾಶ ಹೇಗಿದ್ದೀತು ಎಂದು ಮೈ ಜುಮ್ಮೆನ್ನುತ್ತದೆ.

ನಿಜವಾದ ಲೆಕ್ಕ ಇಷ್ಟು ಸರಳವಲ್ಲ. ತಟ್ಟೆಯ ನೆರಳು ನಕ್ಷತ್ರದ ಮೇಲೆ ಎಷ್ಟು ಬೀಳುತ್ತದೆ, ಕಕ್ಷೆ ಎಷ್ಟು ಓರೆ, ಎಷ್ಟು ಮೊಟ್ಟೆಯಾಕಾರ ಎಂಬುದನ್ನೆಲ್ಲ ಸೇರಿಸಿ ಸಾವಿರಾರು ಮಾದರಿಗಳನ್ನು ಓಡಿಸಿ, ಯಾವುದು ಅಳತೆಗೆ ಹೊಂದುತ್ತದೆ ಎಂದು ನೋಡಬೇಕು. ಹೊಂದಿದ ಮಾದರಿಗಳಲ್ಲಿ ಯಾವುದರಲ್ಲೂ ಜೊತೆಗಾರ 15 ಸೂರ್ಯರನ್ನು ದಾಟಲಿಲ್ಲ. ನಡುಗಾತ್ರದ ಕಪ್ಪುರಂಧ್ರದ ವಾದ, ಪಿ13ರ ಮಟ್ಟಿಗೆ, ಅಲ್ಲಿಗೆ ಮುಗಿಯಿತು.

ಇದರ ನಡುವೆ ಒಂದು ಸೊಗಸಾದ ಸಂಗತಿ ಸಿಕ್ಕಿತ್ತು. 2011 ಮತ್ತು 2012ರಲ್ಲಿ ಪಿ13 ಕ್ಷ-ಕಿರಣದಲ್ಲಿ ಹತ್ತಾರು ಪಟ್ಟು ಮಂಕಾಯಿತು. ಕುಲುಮೆ ಆರಿದ್ದರೆ ನಕ್ಷತ್ರದ ಮಗ್ಗುಲೂ ತಣ್ಣಗಾಗಬೇಕಿತ್ತು. ಆದರೆ 64 ದಿನದ ಏರಿಳಿತ ಮುಂದುವರಿದೇ ಇತ್ತು. ಅಂದರೆ ಕುಲುಮೆ ಉರಿಯುತ್ತಲೇ ಇದೆ, ನಮಗೂ ಅದಕ್ಕೂ ನಡುವೆ ತಟ್ಟೆಯ ಅಂಚು ಅಡ್ಡ ಬಂದಿದೆ. ಜೋಡಿ ನಕ್ಷತ್ರವನ್ನು ಗುರುತಿಸಿಟ್ಟುಕೊಂಡದ್ದರಿಂದ ಇನ್ನೊಂದು ದಿಕ್ಕಿನಿಂದ ನೋಡುವ ಒಬ್ಬ ಸಾಕ್ಷಿ ಸಿಕ್ಕಂತಾಯಿತು. ಕ್ಷ-ಕಿರಣದ ದಾಖಲೆಯೊಂದನ್ನೇ ನೆಚ್ಚಿಕೊಂಡಿದ್ದರೆ ಆಕರ ಆರಿಹೋಯಿತು ಎಂದೇ ಬರೆಯುತ್ತಿದ್ದರು.

ಮಿಡಿತ

2016ರಲ್ಲಿ ಫೆಲಿಕ್ಸ್ ಫುರ್ಸ್ಟ್ ಮತ್ತು ಸಂಗಡಿಗರು ಎಕ್ಸ್‌ಎಂಎಂ-ನ್ಯೂಟನ್ ಹಾಗೂ ನೂಸ್ಟಾರ್ ಉಪಗ್ರಹಗಳಿಂದ ಪಿ13 ಅನ್ನು ನೋಡಿದಾಗ ಕ್ಷ-ಕಿರಣ 0.42 ಸೆಕೆಂಡಿಗೊಮ್ಮೆ ಮಿಡಿಯುತ್ತಿರುವುದು ಕಂಡಿತು. ಜಿಯಾನ್ ಲೂಕಾ ಇಸ್ರೇಲ್ ಅವರ ತಂಡವೂ ಸ್ವತಂತ್ರವಾಗಿ ಅದನ್ನೇ ಕಂಡುಹಿಡಿಯಿತು. ಕಪ್ಪುರಂಧ್ರಕ್ಕೆ ಗಟ್ಟಿ ಮೇಲ್ಮೈ ಇಲ್ಲ, ಗಡಿಯಾರದಂತೆ ಮಿಡಿಯಲು ಅದಕ್ಕೆ ಸಾಧ್ಯವಿಲ್ಲ. ಇದು ಕಾಂತಕ್ಷೇತ್ರವಿರುವ, ತಿರುಗುವ ನ್ಯೂಟ್ರಾನ್ ನಕ್ಷತ್ರ. ತನ್ನ ಎಡಿಂಗ್ಟನ್ ಮಿತಿಯ ಸುಮಾರು 50 ಪಟ್ಟು ಬೆಳಗುತ್ತಿದೆ.

ಮನಸ್ಸಿಗೆ ನಾಟುವುದು ಮುಂದಿನ ಮಾತು. ಹೊಸ ಮಿಡಿತವನ್ನು ಕೈಯಲ್ಲಿ ಹಿಡಿದು ಹಳೆಯ ಕಡತ ತೆರೆದಾಗ 2013ರ ದತ್ತಾಂಶದಲ್ಲೇ ಅದು ಸಿಕ್ಕಿತು. ‘ಕಪ್ಪುರಂಧ್ರ’ ಎಂದು ಅಚ್ಚಾಗುವ ಮೊದಲೇ ಉತ್ತರ ಕಪಾಟಿನಲ್ಲಿತ್ತು. ಯಾರಿಗೂ ಯಾಕೆ ಕಾಣಲಿಲ್ಲ ಎಂಬುದಕ್ಕೆ ಯಂತ್ರದ ಕಾರಣಗಳಿವೆ. ಚಂದ್ರ ವೀಕ್ಷಣಾಲಯದ ಕ್ಯಾಮೆರಾ ಮಾಮೂಲಿಯಾಗಿ 3.2 ಸೆಕೆಂಡಿಗೊಂದು ಚೌಕಟ್ಟು ತೆಗೆಯುತ್ತದೆ, ಸ್ವಿಫ್ಟ್‌ನದು 2.5 ಸೆಕೆಂಡಿಗೊಂದು. 0.42 ಸೆಕೆಂಡಿನ ಮಿಡಿತ ಅದರೊಳಗೆ ಕರಗಿಹೋಗುತ್ತದೆ. ಎಕ್ಸ್‌ಎಂಎಂ-ನ್ಯೂಟನ್‌ನ ಕ್ಯಾಮೆರಾ ಮಾತ್ರ ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಚೌಕಟ್ಟು ತೆಗೆಯಬಲ್ಲದು. ಅಲ್ಲೂ ಮಿಡಿತದ ವೇಗ ದಿನದಿಂದ ದಿನಕ್ಕೆ ಬದಲಾಗುತ್ತಿರುವುದರಿಂದ ಹುಡುಕುವ ವಿಧಾನದಲ್ಲಿ ಅದಕ್ಕೆ ಆಸ್ಪದ ಮಾಡಿಕೊಡಬೇಕು. ಇವೆಲ್ಲಕ್ಕಿಂತ ದೊಡ್ಡ ಕಾರಣ, ನ್ಯೂಟ್ರಾನ್ ನಕ್ಷತ್ರ ಇಷ್ಟು ಬೆಳಗೀತು ಎಂದು ಯಾರೂ ನಂಬಿರಲಿಲ್ಲ. ಎಂ82ರ ಮಿಡಿತ ಸಿಕ್ಕಿದ್ದು ಕೂಡ 2014ರ ಜನವರಿಯಲ್ಲಿ ಆ ಗ್ಯಾಲಕ್ಸಿಯಲ್ಲಿ ಸೂಪರ್‌ನೋವಾ ಒಂದು ಸಿಡಿದು, ಅದನ್ನು ನೋಡಲೆಂದು ನೂಸ್ಟಾರ್ ಬಹುಕಾಲ ಅತ್ತ ಮುಖಮಾಡಿದ್ದರಿಂದ.

ಮೋಚ್ ತಂಡವನ್ನು ಇಲ್ಲಿ ದೂರುವುದು ಅನ್ಯಾಯ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ನಕ್ಷತ್ರ ಅವರಿಗೆ ಹೇಳಿದ್ದು ಜೊತೆಗಾರನ ತೂಕ ಇಷ್ಟನ್ನು ಮೀರದು ಎಂಬ ಮಿತಿ. ಮಿತಿಯೊಳಗೆ ನ್ಯೂಟ್ರಾನ್ ನಕ್ಷತ್ರಕ್ಕೂ ಜಾಗವಿತ್ತು. ಎಡಿಂಗ್ಟನ್ ಮಿತಿ ಮೀರಿ ನುಂಗುವುದು ಸಾಧ್ಯ ಎಂಬ ಅವರ ತೀರ್ಮಾನ ಸುಳ್ಳಾಗಲಿಲ್ಲ. ಅವರು ಹೇಳಿದ್ದಕ್ಕಿಂತ ಎಷ್ಟೋ ಹೆಚ್ಚಾಗಿ ನಿಜವಾಯಿತು.

ಬಿದ್ದದ್ದು ಇನ್ನೊಂದೂ ಇದೆ. ಬೆಳಕಿನ ಏರಿಳಿತಕ್ಕೆ ಹೊಂದಿಸಲು ಅವರ ಮಾದರಿಗೆ ಸಾಕಷ್ಟು ಮೊಟ್ಟೆಯಾಕಾರದ ಕಕ್ಷೆ ಬೇಕಾಗಿತ್ತು. ಮಿಡಿತ ಸಿಕ್ಕಮೇಲೆ ಕಕ್ಷೆಯನ್ನು ನೇರವಾಗಿ ಅಳೆಯುವ ದಾರಿ ತೆರೆಯಿತು: ನ್ಯೂಟ್ರಾನ್ ನಕ್ಷತ್ರ ನಮ್ಮತ್ತ ಬರುವಾಗ ಮಿಡಿತ ಒತ್ತೊತ್ತಾಗಿ, ದೂರ ಸರಿಯುವಾಗ ಬಿಡಿಬಿಡಿಯಾಗಿ ತಲುಪುತ್ತದೆ. 2018ರಲ್ಲಿ ಫುರ್ಸ್ಟ್ ತಂಡ ಹೀಗೆ ಅಳೆದಾಗ ಸುತ್ತಿನ ಅವಧಿ ಮತ್ತೆ 64 ದಿನದ ಹತ್ತಿರವೇ ಬಂತು. ಕಕ್ಷೆ ಮಾತ್ರ ಮಾದರಿ ಕೇಳಿದ್ದಕ್ಕಿಂತ ದುಂಡಗಿತ್ತು. ನಕ್ಷತ್ರದ ಬೆಳಕಿನಿಂದ ಓದಿದ ಅವಧಿಯನ್ನು ಬೇರೊಂದು ಗಡಿಯಾರ ಬಂದು ಖಚಿತಪಡಿಸಿದ್ದು ಆ ಹಳೆಯ ಗುರುತಿಸುವಿಕೆಗೆ ಸಿಕ್ಕ ದೊಡ್ಡ ಮುದ್ರೆ. ಮೇಲೆ ಹೇಳಿದ ಬಾಮರ್ ಗೆರೆಗಳ ನಕ್ಷತ್ರವೇ ಈ ಮಿಡಿತದ ಜೋಡಿ ಎಂಬುದರಲ್ಲಿ ಇನ್ನು ಅನುಮಾನವಿಲ್ಲ. ಅದು ಇಲ್ಲದಿದ್ದರೆ ಈ ನ್ಯೂಟ್ರಾನ್ ನಕ್ಷತ್ರ ಯಾರಿಂದ ಅನಿಲ ಕಸಿಯುತ್ತಿದೆ, ಆ ಕಸಿತ ಇಷ್ಟು ಜೋರಾಗಿ ಹೇಗೆ ನಡೆದಿದೆ ಎಂದು ಕೇಳಲಿಕ್ಕೇ ಆಗುತ್ತಿರಲಿಲ್ಲ. ಮಿಡಿತ ಮಾತ್ರ ಸಿಕ್ಕಿ ನಕ್ಷತ್ರ ಕಾಣದ ಆಕರಗಳಲ್ಲಿ ಈ ಪ್ರಶ್ನೆಯ ಹತ್ತಿರ ಹೋಗುವುದು ಕಷ್ಟ.

ಪಕ್ಕದ ಕಡತಗಳು

ಈ ಪ್ರಕರಣ ಓದಿದ ಮೇಲೆ ಬೇರೆ ಪ್ರಕರಣಗಳನ್ನು ಓದುವ ರೀತಿ ಬದಲಾಗುತ್ತದೆ. ಎಂ101 ಗ್ಯಾಲಕ್ಸಿಯ ಯುಎಲ್‌ಎಕ್ಸ್-1 ಎಂಬ ಆಕರದ ಜೋಡಿ ವುಲ್ಫ್-ರಾಯೆ ನಕ್ಷತ್ರ (ಹೊರಪದರವನ್ನು ಬಿರುಗಾಳಿಯಾಗಿ ಊದಿ ಕಳೆದುಕೊಳ್ಳುವ ಬಹಳ ಬಿಸಿಯ ನಕ್ಷತ್ರ), ಸುತ್ತು 8.2 ದಿನ, ಜೊತೆಗಾರ ಕನಿಷ್ಠ 5 ಸೂರ್ಯರಷ್ಟು ಎಂದು 2013ರಲ್ಲಿ ಪ್ರಕಟವಾಯಿತು. ಇಲ್ಲಿ ಅಳತೆ ಕೆಳಗಿನ ಮಿತಿ ಕೊಡುತ್ತದೆ, ಆದ್ದರಿಂದ ನ್ಯೂಟ್ರಾನ್ ನಕ್ಷತ್ರವನ್ನು ಹೊರಗಿಡುವ ಬಲ ಅದಕ್ಕಿದೆ. ಆದರೆ ವುಲ್ಫ್-ರಾಯೆ ನಕ್ಷತ್ರದ ಗೆರೆಗಳು ಹುಟ್ಟುವುದು ಅದರ ಬಿರುಗಾಳಿಯಲ್ಲಿ. ಅಷ್ಟು ಪ್ರಖರವಲ್ಲದಿದ್ದರೂ ಅದೇ ಬಗೆಯ ಜೋಡಿಯಾದ ಐಸಿ 10 ಎಕ್ಸ್-1ರಲ್ಲಿ ಗೆರೆಯ ಚಲನೆಯನ್ನು ನಕ್ಷತ್ರದ್ದೇ ಚಲನೆ ಎಂದು ಹಿಡಿದು 20 ಸೂರ್ಯರಿಗೂ ಮಿಕ್ಕ ಕಪ್ಪುರಂಧ್ರ ಎಂದಿದ್ದರು. 2015ರಲ್ಲಿ ಆ ಗೆರೆಯ ಲಯವೂ ಕ್ಷ-ಕಿರಣದ ಗ್ರಹಣದ ಲಯವೂ ತಾಳೆಯಾಗುವುದಿಲ್ಲ, ಗೆರೆ ಬರುತ್ತಿರುವುದು ಗಾಳಿಯ ನೆರಳಿನ ಭಾಗದಿಂದ ಎಂದು ತೋರಿಸಲಾಯಿತು. ತೂಕದ ಆಧಾರವೇ ಸಡಿಲವಾಯಿತು.

ಇನ್ನೊಂದು ಕಡತ ಎನ್‌ಜಿಸಿ 7793ರ ನೆರೆಯಲ್ಲೇ, ಸ್ಕಲ್ಪ್ಟರ್ ಪುಂಜದ ಎನ್‌ಜಿಸಿ 300 ಗ್ಯಾಲಕ್ಸಿಯಲ್ಲಿದೆ. 2010ರ ಮೇ ತಿಂಗಳಲ್ಲಿ ದಕ್ಷಿಣ ಆಫ್ರಿಕದ ಹವ್ಯಾಸಿ ಬರ್ಟೊ ಮೊನಾರ್ಡ್ ಅಲ್ಲೊಂದು ನಕ್ಷತ್ರ ಹೊತ್ತಿದ್ದನ್ನು ಕಂಡರು. ಸೂಪರ್‌ನೋವಾ ಎಂದು ಭಾವಿಸಿ 2010ಡಿಎ ಎಂಬ ಹೆಸರನ್ನೂ ಕೊಟ್ಟಾಯಿತು. ಆದರೆ ನಕ್ಷತ್ರ ಸತ್ತಿರಲಿಲ್ಲ. 2016ರ ಡಿಸೆಂಬರ್‌ನ ಕ್ಷ-ಕಿರಣ ದತ್ತಾಂಶದಲ್ಲಿ ಅದೇ ಜಾಗದಿಂದ 32 ಸೆಕೆಂಡಿನ ಮಿಡಿತ ಸಿಕ್ಕಿತು. ಒಂದೆರಡು ವರ್ಷದಲ್ಲಿ ಅದು 20 ಸೆಕೆಂಡಿನ ಹತ್ತಿರಕ್ಕೆ ಚುರುಕಾಯಿತು. ಕಾಣುವ ಬೆಳಕಿನಲ್ಲಿ ಕಾದ ಅನಿಲ ಎಲ್ಲವನ್ನೂ ಮುಚ್ಚಿಹಾಕಿದ್ದರಿಂದ ಜೋಡಿ ಯಾರೆಂದು ಓದಲು ಅವಕೆಂಪಿಗೆ ಹೋಗಬೇಕಾಯಿತು. 2019ರಲ್ಲಿ ಮರಿಯಾನ್ನೆ ಹೈಡಾ ಮತ್ತು ಸಂಗಡಿಗರು ಅದೇ ಪರಾನಾಲ್ ಬೆಟ್ಟದಿಂದ ತೆಗೆದ ರೋಹಿತದಲ್ಲಿ, 4,000 ಡಿಗ್ರಿಗಿಂತ ತಂಪಾದ ಕೆಂಪು ಮಹಾದೈತ್ಯ ನಕ್ಷತ್ರದ ಗೆರೆಗಳು ಕಾಣಿಸಿಕೊಂಡವು.